ವಾಪಸ್ ಬಂದ ಪಟ್ಟಿಗಳ ಕಾವಲು

ಬೆಳಗಿನ ಐದೂಮುಕ್ಕಾಲು. ಸಾಂಗ್ಲಿ ಪಕ್ಕದ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೊದಲ ಪಾಳಿಯ ಭೋಂಗಾ, ಕಾರ್ಖಾನೆಯ ಸೈರನ್ನು, ಇನ್ನೂ ಕೂಗಿಲ್ಲ. ಮೂಲೆಯ ಚಹಾದ ಗಾಡಿಯವನು ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಬೇರಿಂಗ್ ಗೋಡೌನೊಂದರ ಮಹಡಿಯ ಕೋಣೆಗೆ ಶಾಲನ ಆರವಾಡೆ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಮಿರಜದಿಂದ ಮೊದಲ ಸಿಟಿ ಬಸ್ಸು ಹಿಡಿದು ಬಂದಿದ್ದಾರೆ. ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಪರದೆಗೆ ಮುಖ ಹತ್ತಿರ ಒಯ್ದು ಓದತೊಡಗುತ್ತಾರೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ.

“ನರ್ಮದಾ ಹಯಗ್ರೀವ ಕುಲಕರ್ಣಿ. ಡಯಾಲಿಸಿಸ್. ಮಾರುತಿ ಗುಡಿ ಹಿಂದ. ಹರ್ಷದಾ ಮಂದಾರ ಜೋಶಿ. ದಿನ ತುಂಬ್ಯಾವ. ಬಾವಿ ಗಲ್ಲಿ, ಮಾಳಗಿ ಮನಿ.”

ಒಂದು ಹೆಸರು, ಒಂದು ಕಾಯಿಲೆ, ಒಂದು ಮನೆ. ಮತ್ತೆ ಮುಂದಿನದು. ಕೇಳಿದರೆ ಹೇಳುತ್ತಾರೆ: “ಬರೇ ಕಣ್ಣ ಓಡಿಸಿದ್ರ ತಪ್ಪತೈತ್ರಿ. ಹೆಸರು ಬಾಯಾಗ ನಿಲ್ಲಬೇಕು. ನಿಂತಿತಂದ್ರ ಆ ಮನಷ್ಯಾ ಪಟ್ಯಾಗ ಅದಾನ ಅಂತ ಗ್ಯಾರಂಟಿ.”

ಹೀಗೆ ಓದುವುದು ಅವರ ಕೆಲಸವಲ್ಲ. ಅವರ ನೇಮಕದ ಕಾಗದದಲ್ಲಿ ಈ ಮಾತು ಎಲ್ಲೂ ಇಲ್ಲ. ಬರೆಯಬೇಕಾಗಿದ್ದ ದೊಡ್ಡವರಿಗೆ ಅದು ಹೊಳೆಯಲೇ ಇಲ್ಲ. ಅವರಿಗೆ ಹೊಳೆಯದ್ದಕ್ಕೆ ಕಳೆದ ಮಳೆಗಾಲದಲ್ಲಿ ಒಬ್ಬ ಮುದುಕಿ ಹಾಸಿಗೆಯಲ್ಲೇ ಮುಳುಗಿ ಹೋಗುವುದರಲ್ಲಿದ್ದಳು. ಈ ಲೇಖನವನ್ನು ಸಮಾಧಾನದಿಂದ ಬರೆಯಬೇಕೆಂದೇ ಕುಳಿತಿದ್ದೆ. ಆಗುತ್ತಿಲ್ಲ, ಓದುಗರು ಕ್ಷಮಿಸಬೇಕು.

ಮೊದಲು ಈ ಪಟ್ಟಿ ಯಾವುದೆಂದು ಹೇಳಿಬಿಡುತ್ತೇನೆ. ಸಾಂಗ್ಲಿಯ ಸುತ್ತ ನದಿಯ ನೀರು ಏರಿದಾಗ ಎಲ್ಲರನ್ನೂ ಒಂದೇ ಸಲ ದೋಣಿಗೆ ಹತ್ತಿಸಲು ಆಗುವುದಿಲ್ಲ. ಹಾಸಿಗೆ ಹಿಡಿದವರು, ದಿನ ತುಂಬಿದ ಬಸುರಿಯರು, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಿರಜಕ್ಕೆ ಹೋಗಬೇಕಾದವರು, ಇಂಥವರನ್ನು ಮೊದಲು ಎತ್ತಬೇಕು. ಅದಕ್ಕೆಂದೇ ಒಂದು ಸೇವಾಸಂಸ್ಥೆ ‘ನದಿಸಾಥ’ ಎಂಬ ಜಾಲತಾಣ ಮಾಡಿಸಿದೆ. ನದಿದಂಡೆಯ ಎಂಬತ್ತಾರು ಊರಿನವರು ತಮ್ಮ ತಮ್ಮ ಪಟ್ಟಿಯ ಫೈಲನ್ನು ಅದರಲ್ಲಿ ಏರಿಸುತ್ತಾರೆ. ನೀರು ಬಂದಾಗ ದೋಣಿಯವರು ತಮ್ಮ ಮೊಬೈಲಿನಲ್ಲಿ ಅದನ್ನು ತೆರೆದು ನೋಡಿಕೊಂಡು ಆ ಮನೆಗೆ ಹೋಗುತ್ತಾರೆ. ಯೋಚನೆ ಚಿನ್ನದಂಥದ್ದು. ಕಟ್ಟಿಕೊಟ್ಟವರು ಪುಣೆಯ ಒಂದು ಕಂಪನಿ. ಅದರ ಹೆಸರು ಬರೆಯುವುದಿಲ್ಲ. ಸಿಟ್ಟಿನಲ್ಲಿ ಹೆಸರು ಬರೆದರೆ ನಮ್ಮ ಸಂಪಾದಕರಿಗೆ ರಕ್ತದೊತ್ತಡ ಏರುತ್ತದೆ.

ಐವತ್ತಾರು ವರ್ಷದ ಶಾಲನ ಇಲ್ಲಿ ಮದತನೀಸ, ಅಂದರೆ ಸಹಾಯಕಿ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಹಾಗೆಂದಿದೆ. ಅದರ ಮೇಲೆ ಹೆಸರು ಇರಬೇಕಾದ ಜಾಗದಲ್ಲಿ ಆರು ಖಾಲಿ ಚೌಕಗಳಿವೆ. ಅಕ್ಷರಗಳನ್ನು ಕಾಪಾಡುವ ಹೆಂಗಸಿನ ಹೆಸರನ್ನೇ ಅಚ್ಚು ಮಾಡಲು ಇವರಿಗೆ ಬರಲಿಲ್ಲ! ನಾನು ಬೆರಳು ತೋರಿಸಿದರೆ ಅವರು ನಗುತ್ತಾರೆ. “ಮೂರು ವರ್ಷ ಆತ್ರಿ. ಬದಲಿ ಮಾಡ್ಕೊಡ್ರಿ ಅಂದೇನಿ. ಮಾಡ್ತೀವಿ ಅಂದಾರ. ಹೋಗ್ಲಿ ಬಿಡ್ರಿ, ನನ್ನ ಯಾರೂ ದೋಣ್ಯಾಗ ಹುಡಕ್ಕೋತ ಬರಾಕಿಲ್ಲಲ್ಲ.”

ಇದಕ್ಕಿಂತ ಮುಂಚೆ ಇಪ್ಪತ್ತೆರಡು ವರ್ಷ ಅವರು ಸಾಂಗ್ಲಿಯ ಒಂದು ಛಾಪಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸುತ್ತಿದ್ದರು. ಮದುವೆ ಪತ್ರಿಕೆ, ಬಸದಿಯ ಪೂಜೆಯ ಕರಪತ್ರ, ದ್ರಾಕ್ಷಿ ಪೆಟ್ಟಿಗೆಯ ಲೇಬಲ್ಲು, ಒಂದು ಮರಾಠಿಯಲ್ಲಿ, ಇನ್ನೊಂದು ಕನ್ನಡದಲ್ಲಿ. ಜನ ಮದುವೆ ಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸತೊಡಗಿದ ಮೇಲೆ ಛಾಪಖಾನೆ ಮುಚ್ಚಿತು. ಅಲ್ಲಿಂದ ಅವರು ತಂದದ್ದು ಒಂದೇ ಆಸ್ತಿ, ಇನ್ನೂರು ಪುಟದ ರಟ್ಟಿನ ನೋಟ್‌ಬುಕ್ಕು. ಹಳೆಯ ಏಳು ಫಾಂಟುಗಳಲ್ಲಿ ಯಾವ ಅಂಕಿಗೆ ಯಾವ ಅಕ್ಷರ ಎಂದು ಅದರಲ್ಲಿ ಕೈಬರಹದಲ್ಲಿದೆ.

ಅಂಕಿ ಏಕೆ ಎಂದರೆ, ಕಂಪ್ಯೂಟರಿಗೆ ಅಕ್ಷರವೆಂಬುದು ಗೊತ್ತೇ ಇಲ್ಲ. ಅದರ ಹೊಟ್ಟೆಯಲ್ಲಿರುವುದು ಬರೀ ಅಂಕಿ. ಇಂಥ ಅಂಕಿಗೆ ಇಂಥ ಅಕ್ಷರ ಎಂದು ಮನುಷ್ಯರು ಮಾಡಿಕೊಂಡ ಒಪ್ಪಂದದ ಮೇಲೆ ಎಲ್ಲವೂ ನಡೆಯುತ್ತದೆ. ಹಿಂದೆ ಒಂದೊಂದು ಫಾಂಟಿನವರದು ಒಂದೊಂದು ಒಪ್ಪಂದವಿತ್ತು. ಈಗ ಯೂನಿಕೋಡ್ ಎಂದು ಇಡೀ ಜಗತ್ತಿಗೆ ಒಂದೇ ಒಪ್ಪಂದ ಬಂದಿದೆ. ಆದರೆ ಹಳ್ಳಿಯ ಕಂಪ್ಯೂಟರುಗಳಿಂದ ಹಳೆಯ ಫಾಂಟುಗಳು ಹೋಗಿಲ್ಲ. ಶಾಲನ ಇದನ್ನೇ ನನಗಿಂತ ಚೆನ್ನಾಗಿ ಹೇಳುತ್ತಾರೆ: “ಮನಿ ನಂಬರ ಎಲ್ಲಾ ಗಲ್ಲಿಯೊಳಗೂ ಒಂದರಿಂದ ಶುರು ಆಗತೈತಿ. ಗಲ್ಲಿ ಹೆಸರು ಹೇಳಲಾರದ ಬರೇ ಹದಿನೇಳನೇ ನಂಬರ ಮನಿ ಅಂದ್ರ ಟಪಾಲಿನಂವ ಎಲ್ಲಿ ಹೋಗ್ಬೇಕ್ರಿ? ಫೈಲಿಂದೂ ಹಂಗ. ಎಲ್ಲಿ ಹುಟ್ಟೇತಿ ಅಂತ ಮೊದಲ ಕೇಳಬೇಕು.”

ನದಿಸಾಥ ಕೇಳುವುದಿಲ್ಲ. ಬಂದ ಫೈಲೆಲ್ಲ ಯೂನಿಕೋಡೇ ಎಂದು ತಾನೇ ತೀರ್ಮಾನಿಸಿ ಓದುತ್ತದೆ. ಅರ್ಥವಾಗದ ಅಂಕಿ ಸಿಕ್ಕಲ್ಲೆಲ್ಲ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಮುಂದೆ ಹೋಗುತ್ತದೆ. ಸಾಲುಗಳ ಎಣಿಕೆ ಸರಿಯಿದ್ದರೆ ಪಟ್ಟಿಯ ಪಕ್ಕ ಹಸಿರು ಗುರುತು ಹಾಕುತ್ತದೆ. ಆಮೇಲೆ ಜಾಗ ಉಳಿಸಲೆಂದು ಮೂಲ ಫೈಲನ್ನು ಅಳಿಸಿಹಾಕುತ್ತದೆ. ಅಂದರೆ ಹೆಸರನ್ನು ಕೊಂದು, ಲೆಕ್ಕ ಸರಿಯಿದೆ ಎಂದು ಶಭಾಷ್ ಹೇಳಿ, ಹೆಣವನ್ನೂ ಸುಟ್ಟುಬಿಡುತ್ತದೆ.

“ಗಿಚ್ಚಿಪಿಚ್ಚಿ ಅಕ್ಷರ ಕಂಡ್ರ ನಾ ಅಂಜಂಗಿಲ್ರಿ,” ಎನ್ನುತ್ತಾರೆ ಶಾಲನ. “ಅದು ಗಂಟ ಬಿದ್ದ ದಾರ ಇದ್ದಂಗ. ಕುಂತು ಬಿಡಿಸಬಹುದು. ಪ್ರಶ್ನಾರ್ಥಕ ಕಂಡ್ರ ಮಾತ್ರ ಅಂಜತೇನಿ. ಅದು ಸುಟ್ಟ ದಾರ.”

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಈ ಭಾಗದಲ್ಲಿ ಯಾವ ಪಟ್ಟಿಯೂ ಬೋಳಾಗಿ ಶುರುವಾಗುವುದಿಲ್ಲ. ಕಿರಾಣಿ ಚೀಟಿಯಾದರೂ ನೆತ್ತಿಯ ಮೇಲೆ ದೇವರ ಹೆಸರು ಬೇಕು. ಕೆಲವರ ಮನೆಯಲ್ಲಿ ‘ಶ್ರೀ ಗಣೇಶಾಯ ನಮಃ’, ಜೈನರ ಮನೆಯಲ್ಲಿ ‘ಶ್ರೀ ವೀತರಾಗಾಯ ನಮಃ’. ನದಿಸಾಥಕ್ಕೆ ಮೊದಲ ಸಾಲಿನಲ್ಲಿ ‘ಅನುಕ್ರಮಾಂಕ, ಹೆಸರು, ವಿಳಾಸ’ ಎಂದು ಮೂರು ಕಾಲಮ್ಮು ಇರಲೇಬೇಕು; ಅಕ್ಷರ ಓದುವುದಿಲ್ಲ, ಕಾಲಮ್ಮು ಎಣಿಸುತ್ತದೆ. ದೇವರ ಒಂಟಿ ಸಾಲು ಕಂಡರೆ ಫೈಲನ್ನು ಒಳಗೆ ಬಿಟ್ಟುಕೊಳ್ಳದೆ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತದೆ. ‘ಮೇಲಿನ ಅನಾವಶ್ಯಕ ಸಾಲನ್ನು ತೆಗೆಯತಕ್ಕದ್ದು’ ಎಂದು ಎಲ್ಲ ಊರಿಗೂ ಸುತ್ತೋಲೆ ಹೋಗಿದೆ.

ಶಾಲನರಿಗೆ ಆ ಅನಾವಶ್ಯಕ ಸಾಲೇ ಬೀಗದ ಕೈ. ಫೈಲು ಯಾವ ಫಾಂಟಿನದೆಂದು ಗೊತ್ತಾಗದಿದ್ದಾಗ ಅವರು ಏಳು ಫಾಂಟುಗಳನ್ನೂ ಒಂದೊಂದಾಗಿ ಹಚ್ಚಿ ನೋಡುತ್ತಾರೆ. ಮೇಲಿನ ಸಾಲು ಏನಿರಬೇಕೆಂದು ಮೊದಲೇ ಗೊತ್ತಲ್ಲ. ಯಾವ ಫಾಂಟಿನಲ್ಲಿ ಅದು ಸರಿಯಾಗಿ ‘ಶ್ರೀ’ ಎಂದು ಓದುತ್ತದೋ ಅದೇ ಆ ಫೈಲಿನ ಗಲ್ಲಿ. ಪುಣೆಯಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರಿಗೆ ಹೊಳೆಯದ ಉಪಾಯ ಇದು. ಅವರು ಅದನ್ನೇ ಕಸವೆಂದು ಗುಡಿಸಿದರು.

ಈಗ ಕಳೆದ ಮಳೆಗಾಲಕ್ಕೆ ಬರುತ್ತೇನೆ.

ಸಮಡೋಳಿಯ ಪಟ್ಟಿ ಮಾಡಿದವರು ಧರಣೇಂದ್ರ ಚೌಗುಲೆ, ಎಪ್ಪತ್ತಾರರ ಹಿರಿಯರು. ಮನೆಮನೆಗೆ ಕೋಲು ಊರಿಕೊಂಡು ಹೋಗಿ ಕೇಳಿ, ಇನ್ನೂರ ಹದಿಮೂರು ಹೆಸರನ್ನು ತಮ್ಮ ಹಳೆಯ ಕಂಪ್ಯೂಟರಿನಲ್ಲಿ, ಹಳೆಯ ಮರಾಠಿ ಫಾಂಟಿನಲ್ಲಿ, ಎರಡು ಬೆರಳಿನಿಂದ ಕುಟ್ಟಿದರು. ನೆತ್ತಿಯ ಮೇಲೆ ‘ಶ್ರೀ ವೀತರಾಗಾಯ ನಮಃ’ ಬರೆದು ಏರಿಸಿದರು. ಕೆಂಪು ಗುರುತು ಬಂತು. ಸುತ್ತೋಲೆ ಓದಿದರು. “ದೇವರ ಹೆಸರು ಅಳಸಾಕ ಮನಸ್ಸ ಒಪ್ಪಲಿಲ್ರಿ,” ಎಂದು ಅವರು ನನಗೆ ಹೇಳಿದರು. “ಆದ್ರ ಮಂದಿ ಜೀವದ ಪ್ರಶ್ನೆ. ದೇವರು ತಿಳ್ಕೋತಾನ ಅಂತ ಅಳಿಸಿ, ಅದ ಫೈಲ ಮತ್ತ ಏರಿಸಿದ್ನಿ. ಹಸರ ಗುರ್ತು ಬಂತು. ಸಮಾಧಾನ ಆತು.”

ಆ ಹಸಿರು ಗುರುತಿನ ಹಿಂದೆ ಇನ್ನೂರ ಹದಿಮೂರು ಸಾಲು ಪ್ರಶ್ನಾರ್ಥಕ ಚಿಹ್ನೆ, ನಡುನಡುವೆ ಒಂದೆರಡು ಇಂಗ್ಲಿಷ್ ಅಕ್ಷರ. ಒಂಬತ್ತು ದಿನ ಅದು ಹಾಗೇ ಇತ್ತು. ಯಾರೂ ತೆರೆದು ನೋಡಲಿಲ್ಲ. ಏಕೆ ನೋಡಬೇಕು? ಹಸಿರಿತ್ತಲ್ಲ!

ಶ್ರಾವಣದ ಒಂದು ಮುಂಜಾನೆ, ನದಿಯ ನೀರು ಸಮಡೋಳಿಯ ತೋಟಗಳಿಗೆ ನುಗ್ಗಿದ ಸುದ್ದಿ ರೇಡಿಯೋದಲ್ಲಿ ಕೇಳುತ್ತಲೇ ಶಾಲನ ಕುಪವಾಡಕ್ಕೆ ಬಂದರು. ವಾರವಿಡೀ ಬೇರೆ ಊರುಗಳ ಫೈಲುಗಳಲ್ಲಿ ಮುಳುಗಿದ್ದರು. ಮಳೆಗಾಲದಲ್ಲಿ ದಿನಕ್ಕೆ ನಲವತ್ತು ಫೈಲು ಬರುತ್ತವೆ, ಹನ್ನೆರಡಾದರೂ ಕೆಟ್ಟಿರುತ್ತವೆ. ಅವತ್ತು ಮೊದಲು ಸಮಡೋಳಿಯದನ್ನೇ ತೆರೆದರು. ಓದಲು ಬಾಯಿ ತೆಗೆದರು. ಓದಲು ಏನೂ ಇರಲಿಲ್ಲ.

ಅದೇ ಹೊತ್ತಿಗೆ ಮಿರಜದ ಒಂದು ಆಸ್ಪತ್ರೆಯ ಹೊರಗೆ ದಶರಥ ಮಾಳಿ ಎಂಬವರು ಮೊಬೈಲ್ ಹಿಡಿದು ಒದ್ದಾಡುತ್ತಿದ್ದರು. ಹಿಂದಿನ ದಿನ ಹೆಂಡತಿಯನ್ನು ಹೆರಿಗೆಗೆ ಕರೆತಂದಿದ್ದರು. ಸಂಜೆ ವಾಪಸ್ ಹೊರಡುವಷ್ಟರಲ್ಲಿ ರಸ್ತೆ ಮುಳುಗಿತ್ತು. ಊರ ಹೊರಗಿನ ತೋಟದ ವಸ್ತಿಯಲ್ಲಿ, ನಾಲ್ಕಾರು ಮನೆಗಳ ಗುಂಪಿನಲ್ಲಿ, ಎಂಬತ್ತೊಂದರ ತಾಯಿ ರುಕ್ಮವ್ವ ಒಬ್ಬರೇ ಇದ್ದರು. ಸೊಂಟದ ಎಲುಬು ಮುರಿದು ಎಂಟು ತಿಂಗಳಿಂದ ಹಾಸಿಗೆಯಲ್ಲಿದ್ದವರು. ನೆರೆಯವರು, ದಶರಥ ತಾಯಿಯನ್ನೂ ಕರೆದೊಯ್ದಿರಬೇಕೆಂದು ತಿಳಿದು ತಾವು ಹೊರಟುಹೋಗಿದ್ದರು. ಊರಿನ ಒಂದು ಫೋನೂ ಹತ್ತುತ್ತಿರಲಿಲ್ಲ. ದಶರಥ ನದಿಸಾಥದ ಸಹಾಯವಾಣಿಗೆ ಮೂರು ಸಲ ಫೋನು ಮಾಡಿದರು. ಮೂರು ಸಲವೂ ಅಲ್ಲಿಯವರು ಪರದೆಯ ಮೇಲೆ ಹೆಸರು ಹುಡುಕಿ ಕೊಟ್ಟ ಉತ್ತರ ಒಂದೇ: ಆ ಹೆಸರು ನಮ್ಮ ಪಟ್ಟಿಯಲ್ಲಿಲ್ಲ, ಸ್ಥಳಾಂತರ ಆಗಿರಬೇಕು.

ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ನೀರಿನಲ್ಲೂ ಇಲ್ಲ! ಮನುಷ್ಯನೊಬ್ಬ ನನ್ನ ತಾಯಿ ಅಲ್ಲಿದ್ದಾಳೆ ಎಂದು ಅಳುತ್ತಿದ್ದರೆ, ಇವರು ಪರದೆಯನ್ನು ನಂಬಿದರು, ಮಗನನ್ನು ನಂಬಲಿಲ್ಲ.

ಇತ್ತ ಶಾಲನ ಧರಣೇಂದ್ರರಿಗೆ ಫೋನು ಹಚ್ಚಿದರು, ಹತ್ತಲಿಲ್ಲ. ಮೂಲ ಫೈಲು ನದಿಸಾಥದಲ್ಲಿ ಅಳಿಸಿಹೋಗಿತ್ತು. ಆಗ ನೆನಪಾಯಿತು. ಹಸಿರು ಗುರುತಿನ ಫೈಲನ್ನಷ್ಟೇ ಯಂತ್ರ ಬಿಚ್ಚಿ ಓದುತ್ತದೆ. ಕೆಂಪು ಗುರುತಿನದನ್ನು ಬಾಗಿಲಲ್ಲೇ ತಡೆದು, ಮುಟ್ಟದೆ, ‘ವಾಪಸ್’ ಎಂಬ ಕಪಾಟಿಗೆ ಎಸೆಯುತ್ತದೆ. ಆ ಕಪಾಟು ಶಾಲನರ ಸುಪರ್ದಿಯಲ್ಲಿದೆ. ಏಳು ದಿನಕ್ಕೊಮ್ಮೆ ಅದನ್ನು ಖಾಲಿ ಮಾಡಬೇಕೆಂದು ನಿಯಮ. ಅಂದು ಒಂಬತ್ತನೆಯ ದಿನ. ಶಾಲನ ಖಾಲಿ ಮಾಡಿರಲಿಲ್ಲ. ಹೆಸರು ಓದಿ ಮುಗಿಯುವ ತನಕ ಯಾವ ಪಟ್ಟಿಯನ್ನೂ ಅಳಿಸುವುದಿಲ್ಲ ಎಂಬುದು ಅವರ ಛಾಪಖಾನೆಯ ಕಾಲದ ರೂಢಿ. ಪತ್ರಿಕೆ ಅಚ್ಚಾಗಿ ಬೀಗರ ಕೈಗೆ ಹೋಗುವ ತನಕ ಕೈಬರಹದ ಚೀಟಿ ಹರಿಯಬಾರದು ಎಂದು ಅಲ್ಲಿ ಕಲಿತಿದ್ದರು.

ಧರಣೇಂದ್ರರ ಮೊದಲ ಫೈಲು, ದೇವರ ಹೆಸರಿದ್ದುದಕ್ಕೆ ವಾಪಸಾದದ್ದು, ಅಲ್ಲಿ ಹಾಗೇ ಇತ್ತು.

ತೆರೆದರೆ ಇಂಗ್ಲಿಷ್ ಅಕ್ಷರಗಳ ಗಿಚ್ಚಿಪಿಚ್ಚಿ. ಮೊದಲು ಒಂದು ನಕಲು ಮಾಡಿಕೊಂಡರು. ಮೂಲವನ್ನು ಅವರು ಎಂದೂ ಮುಟ್ಟುವುದಿಲ್ಲ. ಮೊದಲ ಫಾಂಟು ಹಚ್ಚಿದರು, ಅರ್ಥವಿಲ್ಲ. ಎರಡನೆಯದು, ಅದೂ ಇಲ್ಲ. ಮೂರನೆಯದು, ನಾಲ್ಕನೆಯದು. ಐದನೆಯದು ಹಚ್ಚಿದಾಗ ಮೇಲಿನ ಸಾಲು ‘ಶ್ರೀ ವೀತರಾಗಾಯ ನಮಃ’ ಎಂದು ಓದಿತು. “ಕೈ ಮುಗದ್ನಿ ನೋಡ್ರಿ. ಪೂಜೇಕ್ಕಲ್ಲ, ಗಲ್ಲಿ ಸಿಕ್ಕಿತಲ್ಲ ಅಂತ.”

ನೋಟ್‌ಬುಕ್ಕು ತೆರೆದಿಟ್ಟುಕೊಂಡು ಬದಲಿಸುತ್ತ ಹೋದರು. ಮೇಲ್ವಿಚಾರಕ ಕೇತನ ಪಾಟೀಲ ಬರುವಷ್ಟರಲ್ಲಿ ಏಳೂವರೆ. ಬಾಗಿಲಲ್ಲೇ ನಿಂತು “ಕಾಯ ಝಾಲಂ ಮಾವಶಿ? ಏನಾತ ಚಿಗವ್ವಾ?” ಎಂದ. “ಏನ ಆಗಬೇಕಿತ್ತೋ ಅದ ಆಗೇತಿ. ನೀ ಅಮೋಘಸಿದ್ಧಗ ಫೋನ್ ಹಚ್ಚು,” ಎಂದರು ಶಾಲನ. ಅಮೋಘಸಿದ್ಧ ಅಲ್ಲೇ ಎಂಐಡಿಸಿಯಲ್ಲಿ ವೆಲ್ಡಿಂಗ್ ಮಾಡುವವನು, ಮಳೆಗಾಲದಲ್ಲಿ ದೋಣಿಯ ಸ್ವಯಂಸೇವಕ. ದಡದಲ್ಲಿದ್ದ ಗೆಳೆಯ ಫೋನಿನಲ್ಲಿ ಕೇಳಿದ್ದನ್ನು ಅವನ ದೋಣಿಯ ವೈರ್‌ಲೆಸ್ ಸೆಟ್ಟಿಗೆ ದಾಟಿಸುತ್ತಿದ್ದ. ಇಡೀ ಪಟ್ಟಿ ಮುಗಿಯಲಿ ಎಂದು ಶಾಲನ ಕಾಯಲಿಲ್ಲ. ಒಂದೊಂದು ಹೆಸರು ಸರಿಯಾದಂತೆ ಬಾಯಿಬಿಟ್ಟು ಓದಿದರು, ಕೇತನ ಫೋನು ಅವರ ಬಾಯಿಗೆ ಹಿಡಿದು ನಿಂತ.

ನೂರ ನಲವತ್ತೇಳನೆಯ ಹೆಸರು: ರುಕ್ಮವ್ವ ಮಾಳಿ. ಸೊಂಟ ಮುರಿದಿದೆ. ತೋಟದ ವಸ್ತಿ, ಹುಣಸಿ ಗಿಡದ ಬಲಕ್ಕೆ.

“ಆ ವಸ್ತಿ ಖಾಲಿ ಆಗೇತಿ ಅಂತ ಎಲ್ಲಾರೂ ಹೇಳಿದ್ರು,” ಎನ್ನುತ್ತಾನೆ ಅಮೋಘಸಿದ್ಧ. “ನಾ ಆ ಕಡೆ ಹೊಂಟಿರಲಿಲ್ಲ. ಅಕ್ಕಾರು ಹೆಸರ ಓದಿದ್ರು ಅಂತ ದೋಣಿ ತಿರುವಿದ್ನಿ. ಬಾಗಲಾ ನೂಕಿದ್ರ ನೀರು ಹಾಸಿಗಿ ಮಟಾ ಬಂದಿತ್ರಿ. ಆಯಿ ಎರಡೂ ಕೈಲೆ ಕಿಡಕಿ ಸರಳ ಹಿಡದು ಮಲಗಿದ್ಳು. ‘ತಡಾ ಮಾಡಿದ್ರೆಪಾ’ ಅಂದ್ಳು. ಅಷ್ಟ.”

ರುಕ್ಮವ್ವನವರು ಬದುಕಿದ್ದಾರೆ. ಪಟ್ಟಿಯ ಇನ್ನೂರ ಹದಿಮೂರು ಜನರೂ ಅಂದು ಬದುಕಿದರು.

ನೀರು ಇಳಿದ ಮೇಲೆ ಸಾಂಗ್ಲಿಯ ಒಂದು ಸಭಾಗೃಹದಲ್ಲಿ ಸತ್ಕಾರ ಸಮಾರಂಭ ನಡೆಯಿತು. ಪುಣೆಯ ಕಂಪನಿಯವರಿಗೆ ಶಾಲು, ತೆಂಗಿನಕಾಯಿ, ಪೇಟಾ. ‘ನೂರಕ್ಕೆ ನೂರು ಪಟ್ಟಿಗಳು ಯಶಸ್ವಿ’ ಎಂದು ಭಾಷಣ. ಶಾಲನರನ್ನು ಯಾರೂ ಕರೆಯಲಿಲ್ಲ. ಅವರಿಗೆ ಬಂದದ್ದು ನೋಟೀಸು. ವಾಪಸಾದ ಫೈಲುಗಳನ್ನು ಏಳು ದಿನಗಳೊಳಗೆ ಅಳಿಸದೆ ನಿಯಮ ಮೀರಿದ್ದೇಕೆ, ವಿವರಣೆ ಕೊಡತಕ್ಕದ್ದು.

ಮಾಡಿದವರಿಗೆ ಮಣ್ಣು, ನೋಡಿದವರಿಗೆ ಹಣ್ಣು. ನಾನು ಪುಣೆಗೆ ಫೋನು ಮಾಡಿ ಕೇಳಿದೆ. ಯೂನಿಕೋಡಿನಲ್ಲೇ ಫೈಲು ಕೊಡಬೇಕೆಂದು ಷರತ್ತಿನಲ್ಲಿ ಇದೆಯಲ್ಲ ಎಂದರು. ಇದೆ, ಹದಿನಾಲ್ಕನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ. ಎರಡು ಬೆರಳಿನಿಂದ ಕುಟ್ಟುವ ಧರಣೇಂದ್ರರು ಅದನ್ನು ಓದಿ ತಿಳಿದುಕೊಳ್ಳಬೇಕಾಗಿತ್ತಂತೆ. ಫೈಲು ತೆಗೆದುಕೊಳ್ಳುವಾಗ ಒಂದು ಮಾತು ಕೇಳುವುದು, ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದು ಇವರಿಗೆ ಬೇಡ. ಅರಿಯದ ಯಂತ್ರಕ್ಕೆ ಅರಿತಂತೆ ನಟಿಸುವುದನ್ನು ಕಲಿಸಿದವರಿಗೆ ನಾಚಿಕೆಯಾಗಬೇಕು.

ಕೇತನನಿಗೆ ನಾಚಿಕೆಯಾಗಿದೆ, ಅದನ್ನೂ ಬರೆಯಬೇಕು. “ಖರಂಚ ಸಾಂಗತೋ,” ಎಂದು ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬಂದ. “ಖರೇ ಹೇಳ್ತೇನಿ, ಟೆಸ್ಟ್ ಮಾಡೂ ಮುಂದ ನಾವು ಎಲ್ಲಾ ಇಂಗ್ಲಿಷ್ ಹೆಸರ ಹಾಕಿದ್ವಿ. ಎಲ್ಲಾ ಪಾಸ್ ಆತು. ನಮ್ಮ ಆಜೀ ಹೆಸರು ಒಂದ ಸಲ ಹಾಕಿ ನೋಡಿದ್ರ ಸಾಕಿತ್ತು. ಮಾವಶಿ ಹೇಳಿದ್ದನ್ನ ಬರದು ಎರಡ ಸಲ ಕಳಿಸೇನಿ. ಉತ್ತರ ಇಲ್ಲ.”

ಶಾಲನ ಹೇಳಿದ್ದು ದೊಡ್ಡ ಬೇಡಿಕೆಯೇನಲ್ಲ. “ಹಸರ ಗುರ್ತು ಹಾಕೂಕಿಂತ ಮೊದಲ ಪಟ್ಯಾಗಿನ ಐದು ಹೆಸರು ತೋರಸ್ರಿ. ‘ಇವರು ನಿಮ್ಮೂರವ್ರ ಏನು?’ ಅಂತ ಕೇಳ್ರಿ. ಹೌದು ಅಂದ್ರ ಗುರ್ತು ಹಾಕ್ರಿ. ಮೂಲ ಫೈಲ ಮಳಿಗಾಲ ಮುಗಿಯೂಮಟಾ ಇಟ್ಕೋರಿ. ಮ್ಯಾಲಿನ ಸಾಲ ತಗೀರಿ ಅಂತ ಮಂದೀಗೆ ಹೇಳಬ್ಯಾಡ್ರಿ, ಯಂತ್ರಕ್ಕ ದಾಟಾಕ ಕಲಸ್ರಿ. ಇಷ್ಟ ಆದ್ರ ನಾ ಮನ್ಯಾಗ ಕುಂದ್ರತೇನಿ.”

ನೋಟೀಸಿಗೆ ಏನು ಉತ್ತರ ಕೊಟ್ಟಿರಿ ಎಂದೆ. ನಾನು ಏನೋ ಖಡಕ್ ಮಾತು ನಿರೀಕ್ಷಿಸಿದ್ದೆ. “ಕ್ಷಮಾ ಕೇಳಿ ಬರಕೊಟ್ನಿ,” ಎಂದರು. ನನ್ನ ಮುಖ ನೋಡಿ, “ಸಿಟ್ಟಾಗಬ್ಯಾಡ್ರಿ. ಜಗಳ ತಗದ್ರ ಈ ಕುರ್ಚಿ ಹೋಗತೈತಿ. ಕುರ್ಚಿ ಹೋದ್ರ ಮುಂಜಾನೆ ಹೆಸರು ಓದಾವ್ರು ಯಾರು?”

ಭೋಂಗಾ ಕೂಗುತ್ತದೆ. ಕೆಳಗೆ ಗೋಡೌನಿನ ಶಟರು ಏರುತ್ತದೆ. ಪರದೆಯ ಮೇಲೆ ಹೊಸ ಕೆಂಪು ಗುರುತೊಂದು ಮೂಡುತ್ತದೆ: ಸಮಡೋಳಿ, ಈ ವರ್ಷದ ಪಟ್ಟಿ, ವಾಪಸ್. ಕಾರಣ, ಮೇಲಿನ ಅನಾವಶ್ಯಕ ಸಾಲು. ಧರಣೇಂದ್ರರು ಈ ಸಲ ಸುತ್ತೋಲೆಗೆ ಜಗ್ಗಿಲ್ಲ. ಶಾಲನ ಮೊಬೈಲಿನಲ್ಲಿ ಅವರಿಗೆ ತಿಳಿಸುತ್ತಾರೆ: “ಕಾಕಾ, ಕೆಂಪ ಆಗೇತಿ. ಅಂದ್ರ ಮೂಲ ಫೈಲ ಜ್ವಾಕಿ ಐತಿ. ಇನ್ನ ನಾ ನೋಡ್ಕೋತೇನಿ.”

ನಕಲು ಮಾಡುತ್ತಾರೆ. ಐದನೆಯ ಫಾಂಟು ಹಚ್ಚುತ್ತಾರೆ. ಮೇಲಿನ ಸಾಲು ಸರಿಯಾಗಿ ಓದುತ್ತದೆ. ಆಮೇಲೆ ಬೆರಳು ಸರಸರನೆ ಕೆಳಗೆ ಇಳಿದು ಒಂದು ಕಡೆ ನಿಲ್ಲುತ್ತದೆ. ಈ ವರ್ಷ ನಂಬರು ನೂರ ನಲವತ್ತನಾಲ್ಕು. ಮೇಲಿನ ಮೂವರು ಬೇಸಿಗೆಯಲ್ಲಿ ತೀರಿಕೊಂಡರಂತೆ. ಶಾಲನ ಕನ್ನಡಕ ಮೇಲೇರಿಸಿ, ಬಾಯಿಬಿಟ್ಟು ಓದುತ್ತಾರೆ.

“ರುಕ್ಮವ್ವ ಮಾಳಿ. ತೋಟದ ವಸ್ತಿ, ಹುಣಸಿ ಗಿಡದ ಬಲಕ್ಕ.” ನನ್ನ ಕಡೆ ತಿರುಗುತ್ತಾರೆ. “ಅದಾಳ್ರಿ.”